ಕುಲಕರ್ಣಿಯ ದಫ್ತರದಿಂದ ಕಾಣದ ಊರಿನ ಸರ್ವರ್‌ಗೆ

‘ಸರ್ವರ್ ಇಲ್ರಿ, ನಾಳಿ ಬರ್ರಿ.’

ಉತಾರ ತೆಗೆಸಲು ಕಿಟಕಿಯ ಮುಂದೆ ಸರದಿಯಲ್ಲಿ ನಿಂತ ರೈತನಿಗೆ ಈ ಮಾತು ಹೊಸದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲಿಯೇ ಆಗಲಿ, ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಇಂದು ‘ಸರ್ವರ್’ ಎಂಬ ಶಬ್ದ ಸಲೀಸಾಗಿ ಓಡಾಡುತ್ತದೆ. ಆದರೆ ಈ ಸರ್ವರ್ ಇರುವುದೆಲ್ಲಿ? ತನ್ನ ಹೊಲದ ಲೆಕ್ಕ ತನ್ನ ಊರು ಬಿಟ್ಟು ಅಲ್ಲಿಗೆ ಹೋದದ್ದು ಹೇಗೆ? ಅದರ ಕೀಲಿಕೈ ಈಗ ಯಾರ ಬಳಿ ಇದೆ? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ಸಂಸ್ಥಾನಗಳ ಕಾಲಕ್ಕೇ ಹೋಗಬೇಕಾಗುತ್ತದೆ.

ರುಮಾಲಿನ ಗಂಟು

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬೈ ಪ್ರಾಂತದಲ್ಲಿ ಬ್ರಿಟಿಷರು ಭೂಮಿಯ ಮೋಜಣಿ ಮಾಡಿಸಿದರು. ಅಳತೆಗೆ ಬಳಸಿದ್ದು 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ತುಂಡು ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಇಂದಿನ ಉತಾರದಲ್ಲಿಯೂ ಅದೇ ಲೆಕ್ಕ ಉಳಿದಿದೆ.

ಆದರೆ ಈ ಭಾಗಕ್ಕೆ ಆಗ ಒಬ್ಬ ಒಡೆಯನಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬೀಳಗಿ ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. ಇಂದು ಒಂದೇ ಉಸಿರಿನಲ್ಲಿ ಹೇಳುವ ರಬಕವಿ-ಬನಹಟ್ಟಿಗಳಲ್ಲಿ ರಬಕವಿ ಸಾಂಗಲಿಗೂ ಬನಹಟ್ಟಿ ಜಮಖಂಡಿಗೂ ಸೇರಿದ್ದವು. ಒಡೆಯರು ಬೇರೆಯಾದರೂ ಹೊಲದ ಲೆಕ್ಕ ಬರೆಯುತ್ತಿದ್ದವನು ವಂಶಪಾರಂಪರ್ಯವಾಗಿ ಬಂದ ಊರ ಕುಲಕರ್ಣಿಯೇ. ರುಮಾಲಿನಲ್ಲಿ ಕಟ್ಟಿದ ದಫ್ತರ ಇರುತ್ತಿದ್ದುದು ಅವನ ಮನೆಯ ಜಂತಿಯ ಕೆಳಗೆ. ಹಳೆಯ ಕಾಗದಗಳು ಅನೇಕ ಕಡೆ ಮೋಡಿ ಲಿಪಿಯಲ್ಲಿ. ಪುಸ್ತಕ ರೈತನ ಮನೆಯಿಂದ ನೂರು ಹೆಜ್ಜೆಯ ದೂರದಲ್ಲಿತ್ತು, ನಿಜ. ಆದರೆ ಅದನ್ನು ಓದಬಲ್ಲವನು, ತಿದ್ದಬಲ್ಲವನು ಒಬ್ಬನೇ. ಬಾಗಿಲು ಹತ್ತಿರ, ಕೀಲಿಕೈ ಮಾತ್ರ ಬಲು ದೂರ.

1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. 1950ರ ಕಾಯ್ದೆ ಕುಲಕರ್ಣಿ ವತನವನ್ನು ರದ್ದುಪಡಿಸಿತು. 1956ರಲ್ಲಿ ಈ ಪ್ರದೇಶ ಮೈಸೂರು ರಾಜ್ಯಕ್ಕೆ ಬಂತು. ದಫ್ತರ ಸರಕಾರಿ ನೌಕರನಾದ ತಲಾಠಿಯ ಕೈ ಸೇರಿತು. ವತನ ಹೋಯಿತು, ‘ತಲಾಠಿ ಸಿಗಲಿಲ್ಲ’ ಎಂಬ ಅಲೆದಾಟ ಉಳಿಯಿತು.

ಎತ್ತಿನ ಗಾಡಿ ಮತ್ತು ಉಪಗ್ರಹ

ಅಷ್ಟರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಕಥೆ ಶುರುವಾಗಿತ್ತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅಲ್ಲಿ ತನ್ನ ಕೇಂದ್ರ ತೆರೆದು, ಉಪಗ್ರಹದ ಮೂಲಕ ಹೊರದೇಶದ ತನ್ನ ಗಣಕಯಂತ್ರಗಳೊಂದಿಗೆ ಸಂಪರ್ಕ ಸಾಧಿಸಿತು. ಅದರ ಆಂಟೆನಾ ಎತ್ತಿನ ಗಾಡಿಯ ಮೇಲೆ ಸಾಗುವ ಚಿತ್ರ ಪ್ರಸಿದ್ಧವಾಗಿದೆ. ಯಂತ್ರ ಒಂದು ಖಂಡದಲ್ಲಿ, ಅದನ್ನು ನಡೆಸುವ ಕೈ ಇನ್ನೊಂದು ಖಂಡದಲ್ಲಿ! ದೂರದಿಂದಲೇ ಗಣಕ ನಡೆಸುವ ವಿದ್ಯೆ ಕರ್ನಾಟಕದಲ್ಲಿ ಹೀಗೆ ಬೇರೂರಿತು.

ಆ ವಿದ್ಯೆಗೂ ಹೊಲದ ಲೆಕ್ಕಕ್ಕೂ ನಂಟು ಬೆಳೆಯಲು ದಾರಿ ಮಾಡಿಕೊಟ್ಟದ್ದು ಕಂದಾಯ ಇಲಾಖೆಯ ‘ಭೂಮಿ’ ಯೋಜನೆ. 2000ದ ಆಸುಪಾಸಿನ ಕೆಲವೇ ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದವು. ಜಮಖಂಡಿ, ಮುಧೋಳ, ಬೀಳಗಿ ಆ 177ರಲ್ಲಿದ್ದವು. ರಬಕವಿ-ಬನಹಟ್ಟಿ ಜಮಖಂಡಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಆಮೇಲೆ. ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಸಿಬ್ಬಂದಿ ಬೆರಳಚ್ಚು ಒತ್ತದೆ ಯಂತ್ರ ತೆರೆಯುವಂತಿರಲಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟಳೆಯೂ ಬಂತು.

ಮೊದಮೊದಲು ಆ ಸರ್ವರ್ ತಾಲ್ಲೂಕು ಕಚೇರಿಯ ಕೋಣೆಯಲ್ಲೇ ಇತ್ತು. ಬೇಕಿದ್ದರೆ ಬೆರಳು ಮಾಡಿ ತೋರಿಸಬಹುದಿತ್ತು. ಮುಂದೆ ಜಾಲ ಸಂಪರ್ಕ ಬಲವಾದಂತೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. ಈಗ ಕಿಟಕಿಯಲ್ಲಿರುವುದು ಕೇವಲ ಒಂದು ಪರದೆ. ‘ಸರ್ವರ್ ಇಲ್ಲ’ ಎಂದರೆ ಬಹುಪಾಲು ದಾಖಲೆ ಹಾಳಾಗಿದೆ ಎಂದಲ್ಲ. ಅಲ್ಲಿಗೆ ಹೋಗುವ ದಾರಿ ಕಟ್ಟಿದೆ ಎಂದರ್ಥ.

ಒಂದು ವಾಡೆ, ಹಲವು ಕೋಣೆ

ಇಂಥ ದತ್ತಾಂಶ ಕೇಂದ್ರಗಳಲ್ಲಿ ಇಂದು ಒಂದು ಕೆಲಸಕ್ಕೆ ಒಂದು ಯಂತ್ರ ಎಂಬ ಲೆಕ್ಕವಿಲ್ಲ. ಜಮಖಂಡಿ ಸೀಮೆಯ ಹಳೆಯ ವಾಡೆಗಳನ್ನು ನೆನೆದರೆ ಇದು ತಿಳಿಯುತ್ತದೆ. ಹೊರಗೋಡೆ ಒಂದೇ, ಬಾವಿ ಒಂದೇ. ಒಳಗೆ ಪ್ರತಿ ಕುಟುಂಬಕ್ಕೂ ಬೇರೆ ಕೋಣೆ, ಬೇರೆ ಬೀಗ. ಹಾಗೆಯೇ ಒಂದು ದೊಡ್ಡ ಯಂತ್ರವನ್ನು ತಂತ್ರಾಂಶದಿಂದ ಹಲವು ಪಾಲು ಮಾಡಿದಾಗ ಪ್ರತಿ ಪಾಲೂ ಸ್ವತಂತ್ರ ಗಣಕದಂತೆ ವರ್ತಿಸುತ್ತದೆ. ಇದೇ ವರ್ಚುವಲ್ ಸರ್ವರ್. ಉಪಾಯ ಹೊಸದೇನಲ್ಲ. ಐಬಿಎಂ ಕಂಪನಿ 1972ರಲ್ಲೇ ತನ್ನ ದೊಡ್ಡ ಗಣಕಗಳಿಗೆ ಇಂಥ ವ್ಯವಸ್ಥೆಯನ್ನು ಪ್ರಕಟಿಸಿತ್ತು. 2006ರಲ್ಲಿ ಅಮೆಜಾನ್ ಇಂಥ ಪಾಲುಗಳನ್ನು ಗಂಟೆಯ ಬಾಡಿಗೆಗೆ ಕೊಡತೊಡಗಿತು. ಇಂದು ಬನಹಟ್ಟಿಯ ಸೀರೆ ವ್ಯಾಪಾರಿಯೂ ಮನೆಯಲ್ಲೇ ಕುಳಿತು ಅಂಥದೊಂದು ಕೋಣೆ ಬಾಡಿಗೆಗೆ ಪಡೆದು, ಎಷ್ಟು ಸ್ಮೃತಿ, ಎಷ್ಟು ಜಾಗ ಎಂದು ಗೊತ್ತುಮಾಡಿ, ತನ್ನ ಅಂಗಡಿಯನ್ನು ಅಲ್ಲಿಂದ ನಡೆಸಬಹುದು.

ಬಾಡಿಗೆ ಸುಲಭ, ಬೀಗದ ಕಡೆಗೆ ಮಾತ್ರ ಎಚ್ಚರ ಬೇಕು. ಮೊದಲು ದೂರದ ಗಣಕಕ್ಕೆ ಕಳಿಸುವ ಗುಪ್ತಪದ ತಂತಿಯ ಮೇಲೆ ಬಯಲಾಗಿಯೇ ಹೋಗುತ್ತಿತ್ತು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಅಂಥ ಗುಪ್ತಪದಗಳ ಕಳವಾದಾಗ, ಅಲ್ಲಿನ ತಾತು ಯುಲೋನೆನ್ ‘ಎಸ್ಎಸ್ಎಚ್’ ಎಂಬ ಸುರಕ್ಷಿತ ಮಾರ್ಗ ರಚಿಸಿದ. ಇದರಲ್ಲಿ ಜೋಡಿ ಕೀಲಿಗಳನ್ನು ಬಳಸಬಹುದು: ಒಂದನ್ನು ಸರ್ವರ್‌ನಲ್ಲಿ ಇಡಬೇಕು, ಇನ್ನೊಂದು ಮಾಲೀಕನ ಬಳಿಯೇ ಉಳಿಯಬೇಕು. ಬಳಸದ ಬಾಗಿಲು ಮುಚ್ಚುವುದು, ಒಬ್ಬೊಬ್ಬರಿಗೂ ಬೇರೆ ಕೀಲಿ ಕೊಡುವುದು, ಯಾರು ಯಾವಾಗ ಒಳಬಂದರೆಂಬ ದಿನಚರಿ ಇಡುವುದು, ನಕಲನ್ನು ಬೇರೆ ಊರಲ್ಲಿ ಕಾಯ್ದಿಡುವುದು ಇವು ಸರ್ವರ್ ನಡೆಸುವವರ ನಿತ್ಯನೇಮಗಳು.

ಕೀಲಿಕೈಯ ಲೆಕ್ಕ

ಇದೆಲ್ಲ ಯಂತ್ರ ಬಲ್ಲವರ ತಲೆನೋವು ಎನ್ನುವಂತಿಲ್ಲ. ಆಲಮಟ್ಟಿ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ಅನೇಕ ಊರುಗಳು ಹೊಲ-ಮನೆ ಕೊಟ್ಟಿವೆ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಮಟ್ಟ ಏರಿದರೆ ಇನ್ನಷ್ಟು ನೆಲ ನೀರಿಗೆ ಹೋಗುತ್ತದೆ. ಹೊಲ ಮುಳುಗಿದ ಮೇಲೆ ಬದುವಿನ ಕಲ್ಲು ಸಾಕ್ಷಿ ಹೇಳುವುದಿಲ್ಲ. ಪರಿಹಾರದ ಹೊತ್ತಿಗೆ ಮೊದಲು ನೋಡುವುದು ಉತಾರದಲ್ಲಿರುವ ಹೆಸರನ್ನು. ತಂದೆ ತೀರಿದ ಮೇಲೆ ವಾರಸಾ ಹಚ್ಚದ ಮಕ್ಕಳು, ಹೆಸರಿನ ಒಂದಕ್ಷರ ತಪ್ಪಾದವರು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಯಂತ್ರ ತಪ್ಪನ್ನು ತಾನಾಗಿ ತಿದ್ದುವುದಿಲ್ಲ. ಬರೆದ ತಪ್ಪನ್ನೇ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ.

ಕುಲಕರ್ಣಿಯ ದಫ್ತರದಲ್ಲಿ ಒಂದು ಅಂಕಿ ತಿದ್ದಿದರೆ ತಿದ್ದಿದವನ ಗುರುತು ಸಿಗುವುದು ಕಷ್ಟವಿತ್ತು. ಇಂದಿನ ವ್ಯವಸ್ಥೆಯಲ್ಲಿ ಯಾರ ಬೆರಳು, ಯಾವ ದಿನ ಎಂಬ ಗುರುತು ಉಳಿಯಲು ಸಾಧ್ಯವಿದೆ. ಹಳೆಯ ಪುಸ್ತಕಕ್ಕೂ ಹೊಸ ಸರ್ವರ್‌ಗೂ ಇರುವ ನಿಜವಾದ ಅಂತರ ಇದೇ. ಪುಸ್ತಕ ನೂರು ಹೆಜ್ಜೆಯಿಂದ ನೂರಾರು ಕಿಲೋಮೀಟರ್ ದೂರ ಸರಿದಿದೆ. ಆ ದೂರವನ್ನು ರೈತ ಸಹಿಸಿಯಾನು. ಕೀಲಿಕೈ ಯಾರ ಬಳಿ ಇದೆ, ಅವರು ಅದನ್ನು ಹೇಗೆ ಬಳಸಿದರು ಎಂದು ಕೇಳಿದಾಗ ಅವನಿಗೆ ಉತ್ತರ ಸಿಗಬೇಕು. ‘ಸರ್ವರ್ ಇಲ್ರಿ’ ಎಂಬುದು ಅದಕ್ಕೆ ಉತ್ತರವಾಗಲಾರದು.