ಇಂಪೀರಿಯಲ್ ಪಾರಿವಾಳ (ಡುಕುಲಾ ಬೇಡಿಯ)

ಪೆಸಿಫಿಕ್ ದ್ವೀಪಗಳ ಬಣ್ಣಬಣ್ಣದ ಹಣ್ಣುಬಾಕ ಪಾರಿವಾಳಗಳಿಗೆ, ಅಂದರೆ ಟಿಲಿನೋಪಸ್ ಕುಲಕ್ಕೆ, ಹತ್ತಿರದ ನೆಂಟ ಡುಕುಲಾ ಕುಲ. ಈ ಕುಲದ ದೊಡ್ಡ ಹಕ್ಕಿಯೊಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ನಿತ್ಯಹರಿದ್ವರ್ಣ ಕಾಡುಗಳಲ್ಲಿದೆ. ಉದ್ದ 43ರಿಂದ 51 ಸೆಂಟಿಮೀಟರ್; ತಲೆ ಬೂದು, ಬೆನ್ನು ಕಂದು, ಕೊಕ್ಕಿನ ಬುಡ ಕೆಂಪು. ರಾಫಲ್ಸ್ 1822ರಲ್ಲಿ ಈ ಪ್ರಭೇದವನ್ನೂ ಜರ್ಡನ್ 1840ರಲ್ಲಿ ಪಶ್ಚಿಮಘಟ್ಟದ ಉಪಪ್ರಭೇದ ಕುಪ್ರಿಯವನ್ನೂ ವಿವರಿಸಿದರು. ಎತ್ತರದ ಮರದ ತುದಿಯಲ್ಲೇ ಇರುವುದರಿಂದ ಕಣ್ಣಿಗೆ ಬೀಳುವುದು ಕಡಿಮೆ, ಗುಮ್ಮೆನ್ನುವ ಕೂಗಿನಿಂದಲೇ ಗೊತ್ತಾಗುತ್ತದೆ. ನಾಲ್ಕು ಕಡ್ಡಿಗಳ ತೆಳು ಗೂಡು, ಸಾಮಾನ್ಯವಾಗಿ ಒಂದೇ ಮೊಟ್ಟೆ.

ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟಗಳ ನಡುವೆ ತುಂಡುತುಂಡಾಗಿ ಉಳಿದಿರುವ ಇಲ್ಲಿನ ನಿತ್ಯಹರಿದ್ವರ್ಣ ಕಾಡುಗಳು, ಅಂದರೆ ಕಾನುಗಳೂ ಒಂದು ಬಗೆಯ ದ್ವೀಪಗಳೇ. ಒಂದು ಕಾನಿನ ದಪ್ಪ ಬೀಜ ಇನ್ನೊಂದನ್ನು ಮುಟ್ಟಬೇಕಾದರೆ ಈ ಹಕ್ಕಿಯ ನೆರವು ದೊಡ್ಡದು. ಪಾರಿವಾಳವೆಂದರೆ ಬೀಜ ಅರೆದು ಜೀರ್ಣಿಸಿಕೊಳ್ಳುವ ಹಕ್ಕಿಯಲ್ಲವೇ ಎಂಬ ಆಕ್ಷೇಪ ಸಹಜ. ಹಸಿರು ಪಾರಿವಾಳದ ಮಟ್ಟಿಗೆ ಅದು ನಿಜ: ಅದರ ಗಟ್ಟಿ ಜಠರ ಅತ್ತಿ, ಆಲದ ಬೀಜಗಳನ್ನೂ ಪುಡಿ ಮಾಡುತ್ತದೆ. ಡುಕುಲಾದ ದವಡೆ ಹಿಗ್ಗುತ್ತದೆ, ಜಠರ ಮೆದು. ನುಂಗಿದ ಹಣ್ಣಿನ ತಿರುಳು ಕರಗಿ ಬೀಜ ಇಡಿಯಾಗಿ ಹೊರಬೀಳುತ್ತದೆ. ಬೀಜ ಸಾಗಿಸುವ ಕೆಲಸಕ್ಕೆ ಮಂಗಟ್ಟೆ, ಸಿಂಗಳೀಕಗಳಿವೆಯಲ್ಲ ಎನ್ನಬಹುದು. ಸಿಂಗಳೀಕ ಕೊಂಬೆಯಿಂದ ಕೊಂಬೆಗೆ ಸಾಗುವ ಪ್ರಾಣಿ, ಬಯಲು ದಾಟುವುದು ಅಪರೂಪ. ಮಂಗಟ್ಟೆ ದೂರ ಹಾರುತ್ತದೆ, ಒಪ್ಪೋಣ; ಆದರೆ ಗೂಡಿನ ದಿನಗಳಲ್ಲಿ ಪೊಟರೆಯೊಳಗಿನ ಹೆಣ್ಣು, ಮರಿಗಳಿಗೆ ತಂದ ಹಣ್ಣಿನ ಬೀಜಗಳು ಅದೇ ಮರದ ಬುಡದಲ್ಲಿ ರಾಶಿ ಬೀಳುತ್ತವೆ.

ಇನ್ನೂ ತೂಕದ ಆಕ್ಷೇಪ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಾಡುಜಾಯಿ (ಕಾಡು ಜಾಯಿಕಾಯಿ) ಜೌಗುಗಳನ್ನು ಕುರಿತದ್ದು. ಅಲ್ಲಿನ ಮರಕ್ಕೆ ಕಾಲಡಿ ಸದಾ ನೀರು ಬೇಕು. ಒಣ ದಿಬ್ಬದಲ್ಲಿ ಹಕ್ಕಿ ಉದುರಿಸಿದ ಬೀಜ ವ್ಯರ್ಥವಲ್ಲವೇ? ಬಹುಪಾಲು ವ್ಯರ್ಥವೇ. ಆದರೂ ನೀರಿಗೆ ಬಿದ್ದ ಬೀಜ ಕೆಳಮುಖವಾಗಿ ಮಾತ್ರ ತೇಲುತ್ತದೆ. ಹಳ್ಳದ ತಲೆಯಿಂದ ಗುಡ್ಡ ಹತ್ತಿ ಪಕ್ಕದ ಕಣಿವೆಯ ಹಳ್ಳಕ್ಕೆ ಇಳಿಯಲು ಅದಕ್ಕೆ ರೆಕ್ಕೆಯೇ ಬೇಕು. ನೂರರಲ್ಲಿ ಒಂದು ಸರಿಯಾದ ಕೆಸರಿಗೆ ಬಿದ್ದರೂ ಹೊಸ ನೆಲೆಯಾಯಿತು. ಆದರೂ ಈ ಭಾಗದ ಕಾಡಿಗೆ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಮೀಸಲು ಪ್ರದೇಶವೆಂದು 2011ರಲ್ಲಿ ಘೋಷಣೆಯಾದಾಗ ಹೆಸರು ಸಿಕ್ಕಿದ್ದು ಸಿಂಗಳೀಕಕ್ಕೆ, ಪಾರಿವಾಳಕ್ಕಲ್ಲ. ಕಾಡನ್ನು ಪ್ರಾಣಿಯ ಹೆಸರಿನಲ್ಲಿ ಉಳಿಸುವ ಪದ್ಧತಿಯಲ್ಲಿ ಇದು ಆಗುವಂಥದ್ದೇ.

ಹಕ್ಕಿಗೆ ನೇರ ಪೈಪೋಟಿ ಮನುಷ್ಯನದು. ಕಾಡುಜಾಯಿ ಬಲಿತಾಗ ದಪ್ಪ ಸಿಪ್ಪೆ ಎರಡಾಗಿ ಬಿರಿದು, ಕಪ್ಪು ಬೀಜವನ್ನು ಅಪ್ಪಿಕೊಂಡ ಬಣ್ಣದ ಪತ್ರೆ ಕಾಣುತ್ತದೆ. ಹಕ್ಕಿಯನ್ನು ಸೆಳೆಯುವುದೂ ಅದೇ, ರಾಮಪತ್ರೆಯೆಂದು ಪೇಟೆಗೆ ಹೋಗುವುದೂ ಅದೇ. ಬೇರೆಯವರು ಕೊಯ್ದಾರೆಂಬ ಅವಸರದಲ್ಲಿ ಕಾಯಿ ಬಿರಿಯುವ ಮೊದಲೇ ಕಿತ್ತರೆ ಪತ್ರೆಗೆ ದರವಿಲ್ಲ, ಬೀಜ ಮೊಳೆಯುವುದಿಲ್ಲ, ಪಾರಿವಾಳಕ್ಕೆ ಹಣ್ಣೂ ಇಲ್ಲ.