ಮಧುಬಿಂದು ದೃಷ್ಟಾಂತದ ಪಶ್ಚಿಮಯಾತ್ರೆ

ಇಟಲಿ ದೇಶದ ಉತ್ತರಭಾಗದಲ್ಲಿ ಪಾರ್ಮಾ ಎಂಬ ಪಟ್ಟಣವುಂಟು. ಅಲ್ಲಿಯ ಪ್ರಧಾನ ದೇವಾಲಯದ ಮಗ್ಗುಲಲ್ಲಿ, ಕ್ರೈಸ್ತರ ಜಲಸಂಸ್ಕಾರವನ್ನು ನಡೆಸುವುದಕ್ಕಾಗಿ ಕಟ್ಟಿದ ಎಂಟು ಮೂಲೆಗಳ ಎತ್ತರವಾದ ಮಂದಿರವೊಂದು ನಿಂತಿದೆ. ಬೆನೆದೆತ್ತೊ ಅಂತೆಲಾಮಿ ಎಂಬ ಶಿಲ್ಪಿಯು ಕ್ರಿ. ಶ. 1196ರಲ್ಲಿ ಇದರ ಕೆಲಸಕ್ಕೆ ಕೈಯಿಟ್ಟನು. ಇದರ ದಕ್ಷಿಣದ್ವಾರದ ಮೇಲಣ ಅರ್ಧಚಂದ್ರಾಕಾರದ ಫಲಕದಲ್ಲಿ ಒಂದು ಮರವನ್ನು ಕೆತ್ತಿದೆ. ಮರದ ಮೇಲೆ ಒಬ್ಬ ತರುಣನು ಕುಳಿತು ಜೇನಿಗೆ ಕೈಚಾಚಿದ್ದಾನೆ. ಬುಡದಲ್ಲಿ ಎರಡು ಪ್ರಾಣಿಗಳು ಬೇರನ್ನು ಕಡಿಯುತ್ತಿವೆ. ಅದರ ಕೆಳಗೆ ಘೋರಸರ್ಪವೊಂದು ಬಾಯಿಂದ ಬೆಂಕಿಯನ್ನು ಉಗುಳುತ್ತಿದೆ. ಪಕ್ಕಗಳಲ್ಲಿ ಕುದುರೆಗಳ ರಥದಲ್ಲಿ ಸೂರ್ಯನೂ ಎತ್ತುಗಳ ರಥದಲ್ಲಿ ಚಂದ್ರನೂ ಸಾಗುತ್ತಿದ್ದಾರೆ. ತರುಣನಿಗೆ ಇದಾವುದರ ಪರಿವೆಯೂ ಇಲ್ಲ.

ಪುರಾಣಶ್ರವಣದ ಅಭ್ಯಾಸವುಳ್ಳ ಯಾರಾದರೂ ಈ ಶಿಲೆಯ ಮುಂದೆ ನಿಂತರೆ ಅದರ ಅರ್ಥವನ್ನು ಇನ್ನೊಬ್ಬರಿಂದ ಕೇಳಬೇಕಾದುದಿಲ್ಲ. ಮಹಾಭಾರತದ ಸ್ತ್ರೀಪರ್ವದಲ್ಲಿ ಪುತ್ರಶೋಕದಿಂದ ಬೆಂದ ಧೃತರಾಷ್ಟ್ರನಿಗೆ ವಿದುರನು ಹೇಳುವ ದೃಷ್ಟಾಂತವೇ ಇದು. ಘೋರಾರಣ್ಯದಲ್ಲಿ ದಾರಿತಪ್ಪಿದ ಬ್ರಾಹ್ಮಣನೊಬ್ಬನು ಬಳ್ಳಿಗಳಿಂದ ಮುಚ್ಚಿದ ಹಾಳುಬಾವಿಗೆ ಬಿದ್ದು, ಬಳ್ಳಿಯಲ್ಲಿ ಸಿಕ್ಕಿಕೊಂಡು, ತೊಟ್ಟಿಗೆ ಜೋತ ಹಲಸಿನ ಹಣ್ಣಿನಂತೆ ತಲೆಕೆಳಗಾಗಿ ತೂಗಾಡುತ್ತಾನೆ. ಕೆಳಗೆ ಮಹಾಸರ್ಪ, ದಡದಲ್ಲಿ ಆರು ಮುಖಗಳೂ ಹನ್ನೆರಡು ಕಾಲುಗಳೂ ಉಳ್ಳ ಆನೆ, ಮರವನ್ನು ಕಡಿಯುತ್ತಿರುವ ಕಪ್ಪು ಬಿಳುಪಿನ ಇಲಿಗಳು, ಮೇಲಿನಿಂದ ತೊಟ್ಟಿಕ್ಕುವ ಜೇನು. ಆತನಾದರೋ ಎಷ್ಟು ಕುಡಿದರೂ ತೃಪ್ತಿಗೊಳ್ಳದೆ ಜೇನಿಗಾಗಿ ಬಾಯ್ದೆರೆಯುತ್ತಲೇ ಇರುವನು. ಅರಣ್ಯವೇ ಸಂಸಾರ, ಬಾವಿಯೇ ದೇಹ, ಸರ್ಪವೇ ಕಾಲ, ಆನೆಯೇ ಸಂವತ್ಸರ, ಅದರ ಮುಖಗಳು ಋತುಗಳು, ಕಾಲುಗಳು ತಿಂಗಳುಗಳು, ಇಲಿಗಳು ಹಗಲಿರುಳು, ಜೇನು ಕಾಮರಸ ಎಂದು ವಿದುರನು ಬಿಡಿಸಿ ಹೇಳುತ್ತಾನೆ. ಜೈನರಲ್ಲಿ ಇದೇ ಕಥೆಯು ಮಧುಬಿಂದು ದೃಷ್ಟಾಂತವೆಂದು ಪ್ರಸಿದ್ಧವಾಗಿದೆ.

ಹಾಗಾದರೆ ಹಸ್ತಿನಾವತಿಯಲ್ಲಿ ನುಡಿದ ಮಾತು ಪಾರ್ಮಾ ಪಟ್ಟಣದ ಬಾಗಿಲಿಗೆ ಹೇಗೆ ಬಂದಿತು? ವಿದ್ವಾಂಸರು ಈ ದಾರಿಯ ಹೆಜ್ಜೆಗಳನ್ನು ಬಹುಮಟ್ಟಿಗೆ ಗುರುತಿಸಿದ್ದಾರೆ. ಆರನೆಯ ಶತಮಾನದಲ್ಲಿ ಪಾರಸಿಕ ದೇಶದ ದೊರೆ ಖುಸ್ರೊ ಅನುಶಿರ್ವಾನನ ಕಾಲದಲ್ಲಿ ಬುರ್ಜೋಯ್ ಎಂಬ ವೈದ್ಯನು ಪಂಚತಂತ್ರವನ್ನು ಪಹ್ಲವಿ ಭಾಷೆಗೆ ತಂದನು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫನು ಅದನ್ನು ‘ಕಲೀಲ ಮತ್ತು ದಿಮ್ನ’ ಎಂಬ ಹೆಸರಿನಿಂದ ಅರಬ್ಬಿಗೆ ಪರಿವರ್ತಿಸಿದನು. ಆ ಗ್ರಂಥದಲ್ಲಿ ಬುರ್ಜೋಯನ ಆತ್ಮಕಥನದ ಕೊನೆಗೆ ಬಾವಿಯ ಮನುಷ್ಯನ ಕಥೆಯು ಬರುತ್ತದೆ. ಆದರೆ ಯೂರೋಪಿನ ಚಿತ್ರಕಾರರ ಕೈಗೆ ಇದನ್ನು ಒಪ್ಪಿಸಿದುದು ಮುಖ್ಯವಾಗಿ ಮತ್ತೊಂದು ಗ್ರಂಥ. ಅದರ ವೃತ್ತಾಂತವು ಇದಕ್ಕಿಂತಲೂ ಆಶ್ಚರ್ಯಕರವಾದುದು.

ಕಪಿಲವಸ್ತುವಿನ ರಾಜಕುಮಾರನು ಅರಮನೆಯಲ್ಲಿ ಸುಖವಾಗಿ ಬೆಳೆದು, ಒಂದು ದಿನ ರೋಗಿಯನ್ನೂ ಮುದುಕನನ್ನೂ ಹೆಣವನ್ನೂ ಕಂಡು ವಿರಕ್ತನಾದ ಕಥೆಯು ಮಧ್ಯ ಏಷ್ಯ, ಪಾರಸಿಕಗಳ ಮಾರ್ಗವಾಗಿ ಪಡುವಣಕ್ಕೆ ಹರಿಯಿತು. ‘ಬೋಧಿಸತ್ತ್ವ’ ಎಂಬ ಬಿರುದು ಅರಬ್ಬಿಯಲ್ಲಿ ‘ಬೂದಾಸಫ್’ ಎಂದಾಯಿತು. ಅರಬ್ಬಿ ಲಿಪಿಯಲ್ಲಿ ಬಕಾರಕ್ಕೆ ಕೆಳಗೆ ಒಂದು ಚುಕ್ಕೆ, ಯಕಾರಕ್ಕೆ ಎರಡು. ಲಿಪಿಕಾರನ ಲೇಖನಿಯಿಂದ ಒಂದು ಚುಕ್ಕೆ ಹೆಚ್ಚಾಗಿ ಬಿದ್ದುದೇ ತಡ, ಬೂದಾಸಫನು ‘ಯೂದಾಸಫ್’ ಆದನು! ಜಾರ್ಜಿಯನ್ ಭಾಷೆಯಲ್ಲಿ ‘ಯೊದಾಸಫ್’, ಗ್ರೀಕಿನಲ್ಲಿ ‘ಯೋಆಸಫ್’, ಲ್ಯಾಟಿನಿನಲ್ಲಿ ‘ಯೋಸಫಾತ್’ ಎಂದು ಮುಂದುವರಿಯಿತು. ಜಾರ್ಜಿಯದ ಕ್ರೈಸ್ತರ ಕೈಯಲ್ಲಿ ಕಥೆಯೇ ಕ್ರೈಸ್ತವಾಯಿತು. ಬರ್ಲಾಮನೆಂಬ ತಪಸ್ವಿಯು ವರ್ತಕನ ವೇಷದಿಂದ ಅರಮನೆಯನ್ನು ಹೊಕ್ಕು, ರತ್ನವನ್ನು ತೋರಿಸುವ ನೆವದಿಂದ ಭಾರತದೇಶದ ರಾಜಪುತ್ರ ಯೋಸಫಾತನಿಗೆ ಕ್ರಿಸ್ತಮತವನ್ನು ಬೋಧಿಸುತ್ತಾನೆ. ಆ ಬೋಧೆಯಲ್ಲಿ ಹೇಳುವ ದೃಷ್ಟಾಂತಗಳಲ್ಲಿ ಬಾವಿಯ ಮನುಷ್ಯನದೂ ಒಂದು.

ಈ ಸಾಗಣೆಯು ಬಹುಮಟ್ಟಿಗೆ ಮಠಗಳ ಮೂಲಕ ನಡೆಯಿತೆಂಬುದನ್ನು ವಾಚಕರು ಲಕ್ಷ್ಯಕ್ಕೆ ತರತಕ್ಕುದು. ಗ್ರೀಸಿನ ಆಥೋಸ್ ಪರ್ವತದ ಮೇಲೆ ಜಾರ್ಜಿಯದವರು ಸ್ಥಾಪಿಸಿದ ಇವಿರೋನ್ ಮಠದಲ್ಲಿ ಯೂಥಿಮಿಯಸ್ ಎಂಬ ಸನ್ಯಾಸಿಯಿದ್ದನು. 1028ರಲ್ಲಿ ದೇಹವಿಟ್ಟ ಈತನೇ ಕಥೆಯನ್ನು ಗ್ರೀಕಿಗೆ ತಂದವನೆಂದು ಈಗ ಸಾಮಾನ್ಯವಾಗಿ ಒಪ್ಪುತ್ತಾರೆ. ಬಹುಕಾಲ ಅದನ್ನು ದಮಾಸ್ಕಸಿನ ಸಂತ ಯೋಹಾನನ ಕೃತಿಯೆಂದು ತಿಳಿದಿದ್ದರು. 1048ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಲ್ಯಾಟಿನ್ ಪರಿವರ್ತನೆಯು ಹುಟ್ಟಿತು. 1066ರಲ್ಲಿ ಅದೇ ನಗರದ ಸ್ಟೂಡಿಯೊಸ್ ಮಠದಲ್ಲಿ ಥಿಯೊಡೋರನೆಂಬ ಲಿಪಿಕಾರನು ತನ್ನ ಮಠಾಧಿಪತಿಗಾಗಿ ಸ್ತೋತ್ರಗ್ರಂಥವೊಂದನ್ನು ಬರೆದನು. ಈಗ ಲಂಡನ್ನಿನಲ್ಲಿರುವ ಆ ಪ್ರತಿಯ ಅಂಚಿನಲ್ಲಿ, ಮೃಗವು ಅಟ್ಟಿಸಿಕೊಂಡು ಬರಲು ಮರದಲ್ಲಿ ಅಡಗಿದ ಮನುಷ್ಯನ ಚಿತ್ರವನ್ನು ನೋಡಬಹುದು. ಇವಿರೋನ್ ಮಠದಲ್ಲಿಯೇ ಇರುವ ಒಂದು ಸಚಿತ್ರ ಗ್ರೀಕ್ ಪ್ರತಿಯ ಅಂಚಿನಲ್ಲಂತೂ ಯಾರೋ ಕಥೆಯನ್ನು ಹಳೆಯ ಫ್ರೆಂಚ್ ಭಾಷೆಯಲ್ಲಿಯೂ ಬರೆದಿಟ್ಟಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ಯಾಕೋಬಸನ ‘ಸ್ವರ್ಣಚರಿತ’ದೊಳಗೆ ಸೇರಿದ ಮೇಲೆ ಕಥೆಯು ಯೂರೋಪಿನಲ್ಲೆಲ್ಲ ಹರಡಿತು.

ದಾರಿಯಲ್ಲಿ ಬಂದ ಮಾರ್ಪಾಡುಗಳೂ ಸ್ವಾರಸ್ಯವಾಗಿವೆ. ಗ್ರೀಕ್ ಪಾಠವನ್ನು ಸೇರುವಷ್ಟರಲ್ಲಿ ಆನೆಯು ಮಾಯವಾಗಿ, ಅದರ ಸ್ಥಾನದಲ್ಲಿ ಒಂಟಿಕೊಂಬಿನ ಮೃಗವು ನಿಂತಿತು. ಆರು ಋತು ಹನ್ನೆರಡು ತಿಂಗಳುಗಳ ಲೆಕ್ಕವು ಅಳಿದುಹೋಗಿ, ಮೃಗವು ಮೃತ್ಯುವಿನ ಸಂಕೇತವಾಯಿತು. ಐರೋಪ್ಯರ ಇತರ ಕಥೆಗಳಲ್ಲಿ ಇದೇ ಒಂಟಿಕೊಂಬಿನ ಮೃಗವು ಕ್ರಿಸ್ತನ ಮತ್ತು ಕನ್ಯಾವ್ರತದ ಗುರುತಾಗಿರಲು, ಇಲ್ಲಿ ಮಾತ್ರ ಯಮನಾಗಿ ನಿಂತಿರುವುದು ಹೊರಗಿನಿಂದ ಬಂದ ಕಥೆಯ ಲಕ್ಷಣವೆಂದೇ ತೋರುತ್ತದೆ. ಕಾಲರೂಪಿಯಾದ ಸರ್ಪವು ನರಕದ ಬಾಯಾಯಿತು. ಪಾರ್ಮಾದ ಶಿಲ್ಪಿಯಾದರೋ ಅಟ್ಟಿಬರುವ ಮೃಗವನ್ನು ಪೂರ್ತಿಯಾಗಿ ಬಿಟ್ಟು, ಹಗಲಿರುಳುಗಳ ಅರ್ಥವನ್ನು ಸೂರ್ಯಚಂದ್ರರ ರಥಗಳಿಂದ ಇಮ್ಮಡಿಸಿದನು. ಶಿಶುವು ಸಂಸ್ಕಾರಕ್ಕೆ ಪ್ರವೇಶಿಸುವ ಮಂದಿರದ ಬಾಗಿಲ ಮೇಲೆಯೇ ಇದನ್ನು ನಿಲ್ಲಿಸಿದ ಔಚಿತ್ಯವು ಬಹು ಮೆಚ್ಚತಕ್ಕುದು.

ಆದರೂ ಅಂತೆಲಾಮಿಯು ಭಾರತೀಯ ಶಿಲ್ಪವನ್ನು ಅನುಕರಿಸಿದನೆಂದು ಹೇಳುವುದು ಸರಿಯಾಗದು. ಅವನ ಮರವೂ ಮನುಷ್ಯನೂ ಸರ್ಪವೂ ಇಟಲಿಯವೇ. ಇಲ್ಲಿಂದ ಹೋದುದು ರೂಪವಲ್ಲ, ಭಾವ. ರೂಪವು ಮಾತ್ರ ಹೋದಾಗ ಏನಾಯಿತೆಂಬುದಕ್ಕೆ ಸ್ವೀಡನ್ ದೇಶದ ಹೆಲ್ಗೊ ದ್ವೀಪವು ಸಾಕ್ಷಿ. 1956ರಲ್ಲಿ ಅಲ್ಲಿಯ ಉತ್ಖನನದಲ್ಲಿ, ಭಾರತದ ವಾಯವ್ಯ ಗಡಿಯಾಚೆಗಿನ ಸ್ವಾತ್ ಕಣಿವೆಯ ಕಡೆ ಎರಕ ಹೊಯ್ದುದೆಂದು ಎಣಿಸಲಾದ ಕಂಚಿನ ಪುಟ್ಟ ಬುದ್ಧವಿಗ್ರಹವೊಂದು ದೊರಕಿತು. ಎತ್ತರ ಎಂಟೂವರೆ ಸೆಂಟಿಮೀಟರಿನಷ್ಟು. ಅಷ್ಟು ದೂರ ಸಾಗಿದ ಆ ಮೂರ್ತಿಯು ಅಲ್ಲಿಯ ಕಲೆಯಲ್ಲಿ ಒಂದು ಗೆರೆಯನ್ನಾದರೂ ಮೂಡಿಸಿದಂತೆ ಕಾಣುವುದಿಲ್ಲ. ಅದರ ಜೊತೆಗೆ ಕಥೆ ಹೇಳುವವರು ಹೋಗಲಿಲ್ಲ. ಚೀನದ ದುನ್‌ಹುವಾಂಗ್ ಬೌದ್ಧಗುಹೆಯ ಮೇಲ್ಛಾವಣಿಯಲ್ಲಿರುವ, ಮೂರೇ ಕಿವಿಗಳನ್ನು ಹಂಚಿಕೊಂಡು ಓಡುವ ಮೂರು ಮೊಲಗಳ ಚಿತ್ರವು ಇಂಗ್ಲೆಂಡಿನ ಡೆವನ್ ಪ್ರಾಂತದ ದೇವಾಲಯಗಳಲ್ಲಿಯೂ ಕಾಣಬರುತ್ತದೆ; ಆದರೆ ಅದರ ಅರ್ಥವು ನಡುದಾರಿಯಲ್ಲೆಲ್ಲೋ ಕಳೆದುಹೋಗಿದೆ. ಇಂತಹ ಹೋಲಿಕೆಗಳನ್ನು ಕಂಡಲ್ಲೆಲ್ಲ “ಇದೂ ನಮ್ಮದೇ” ಎಂದು ಸಾರುವವರು ಉಂಟು. ದಾರಿಯ ಹೆಜ್ಜೆಗಳನ್ನು ತೋರಿಸದ ಹೆಮ್ಮೆಗೆ ಚರಿತ್ರೆಯಲ್ಲಿ ಬೆಲೆಯಿಲ್ಲ.

ಯೋಸಫಾತನ ವಿಷಯದಲ್ಲಿ ಹೆಜ್ಜೆಗಳು ಇದ್ದರೂ ಬಹುಕಾಲ ಯಾರಿಗೂ ಕಾಣಲಿಲ್ಲ. ಸಿಂಹಳದ ವರ್ಣನೆಯಲ್ಲಿ ಬುದ್ಧನ ಚರಿತ್ರೆಯನ್ನು ಬರೆದ ಮಾರ್ಕೊ ಪೋಲೊ, ಈತನು ಕ್ರೈಸ್ತನಾಗಿದ್ದರೆ ಮಹಾಸಂತನಾಗುತ್ತಿದ್ದನೆಂದು ಮೆಚ್ಚಿದನು. ಆ ವೇಳೆಗಾಗಲೇ ಅದೇ ಬುದ್ಧನು ಬೇರೆ ಹೆಸರಿನಿಂದ ಅವನ ಸ್ವದೇಶದಲ್ಲಿ ಸಂತನಾಗಿಬಿಟ್ಟಿದ್ದುದನ್ನು ಅವನು ಅರಿಯನು! ಹದಿನಾರನೆಯ ಶತಮಾನದಲ್ಲಿ ರೋಮಿನ ಸಂತರ ಪಟ್ಟಿಯಲ್ಲಿ ನವೆಂಬರ್ 27ನೆಯ ದಿನಕ್ಕೆ ಬರ್ಲಾಮ ಯೋಸಫಾತರ ಹೆಸರುಗಳನ್ನು ಬರೆದರು. 1571ರಲ್ಲಿ ವೆನಿಸ್ಸಿನ ಅಧಿಪತಿಯು ಯೋಸಫಾತನದೆಂದು ನಂಬಿದ ಎಲುಬೊಂದನ್ನು ಪೋರ್ತುಗಾಲಿನ ದೊರೆ ಸೆಬಾಸ್ಟಿಯನನಿಗೆ ಕಾಣಿಕೆಯಾಗಿ ಕೊಟ್ಟನು. ಪೋರ್ತುಗೀಜರ ಚರಿತ್ರಕಾರನಾದ ದಿಯೊಗೊ ದೊ ಕೂತೊ ಮುಂಬಯಿಯ ಬಳಿಯ ಕಾನ್ಹೇರಿ ಗುಹೆಗಳ ಕಥೆಯನ್ನು ಕೇಳಿ, ಬುದ್ಧನಿಗೂ ಯೋಸಫಾತನಿಗೂ ಇರುವ ಸಾಮ್ಯವನ್ನು 1612ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಎತ್ತಿ ತೋರಿಸಿದನು. ಆದರೆ ಭಾರತೀಯರು ಪೂಜಿಸುವ ಬುದ್ಧನೇ ಮೂಲತಃ ಕ್ರೈಸ್ತಸಂತ ಯೋಸಫಾತನಿರಬಹುದೆಂದು ಅವನು ಹೊಳೆಯ ನೀರನ್ನು ಹಿಂದಕ್ಕೆ ಹರಿಸಿದನು. ಫ್ರಾನ್ಸಿನ ಲಾಬುಲೇ 1859ರಲ್ಲಿಯೂ ಜರ್ಮನಿಯ ಲೀಬ್ರೆಖ್ಟ್ 1860ರಲ್ಲಿಯೂ ಎರಡು ಚರಿತ್ರೆಗಳನ್ನು ಹೋಲಿಸಿ, ಅದು ಹರಿದ ನಿಜವಾದ ದಿಕ್ಕನ್ನು ತಿಳಿಸಿದರು.