ಅರಳುಮರಳಿಗೊಂದು ಸಂಖ್ಯೆ

'ಅರವತ್ತಕ್ಕೆ ಅರಳುಮರಳು' ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಅಜ್ಜಿ ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದರೆ, ಉಂಡ ಅರ್ಧ ಗಂಟೆಗೆ ಇನ್ನೂ ಊಟವೇ ಆಗಿಲ್ಲ ಎಂದರೆ, ಮನೆಯವರು ನಕ್ಕು ಸುಮ್ಮನಾಗುತ್ತಾರೆ. ಆ ಮಾತಿನೊಳಗೆ ಒಂದು ತೀರ್ಪಿದೆ: ಇದು ರೋಗವಲ್ಲ, ವಯಸ್ಸು. ನಮ್ಮ ಗಾದೆಯಷ್ಟೇ ಅಲ್ಲ, ಜಗತ್ತಿನ ವೈದ್ಯಕೀಯ ಲೆಕ್ಕಪತ್ರಗಳೂ ಬಹುಕಾಲ ಇದೇ ತೀರ್ಪನ್ನು ಕೊಡುತ್ತಿದ್ದವು. ಅದು ಬದಲಾದ ಕಥೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಎಷ್ಟು ಪಾತ್ರವಿದೆಯೋ, ಒಂದು ಆಸ್ಪತ್ರೆಯ ಕಡತಕ್ಕೂ ಕೆಲವು ಕೋಡ್‌ಗಳಿಗೂ ಅಷ್ಟೇ ಇದೆ.

ಸಾವಿನ ಕಾರಣಗಳನ್ನು ಪಟ್ಟಿ ಮಾಡುವ ಅಭ್ಯಾಸ ಹಳೆಯದು. 1662ರಲ್ಲಿ ಜಾನ್ ಗ್ರಾಂಟ್ ಲಂಡನ್ನಿನ ಮರಣಪಟ್ಟಿಗಳನ್ನು ಅಭ್ಯಾಸ ಮಾಡಿ ಪುಸ್ತಕ ಬರೆದಾಗ, ಆ ಪಟ್ಟಿಗಳಲ್ಲಿ 'ವಯಸ್ಸಾದವರು' ಎಂಬುದೇ ಸಾವಿನ ಒಂದು ಕಾರಣವಾಗಿತ್ತು. 1893ರಲ್ಲಿ ಫ್ರಾನ್ಸಿನ ಜಾಕ್ ಬೆರ್ತಿಯೋ ಶಿಕಾಗೋದಲ್ಲಿ ಮಂಡಿಸಿದ ವರ್ಗೀಕರಣವೇ ಇಂದಿನ ಐಸಿಡಿಯ, ಅಂದರೆ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಮೂಲ. ಅದರ ಆರಂಭದ ಆವೃತ್ತಿಗಳಲ್ಲೂ ಮುಪ್ಪಿಗೆ ಪ್ರತ್ಯೇಕ ವಿಭಾಗವಿತ್ತು. ಅದು ಸತ್ತವರ ಲೆಕ್ಕ ಮಾತ್ರ. ಬದುಕಿರುವವರ ಕಾಯಿಲೆಗಳು ಪಟ್ಟಿಗೆ ಸೇರಿದ್ದು 1948ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಆರನೇ ಪರಿಷ್ಕರಣೆಯಲ್ಲಿ.

ಈ ನಡುವೆ ವೈದ್ಯರು ಬೇರೆಯದನ್ನೇ ಕಂಡಿದ್ದರು. 1892ರಲ್ಲಿ ಪ್ರಾಗ್‌ನ ಆರ್ನಾಲ್ಡ್ ಪಿಕ್, ಮಾತು ಕಳೆದುಕೊಳ್ಳುತ್ತಾ ಬಂದ 71 ವರ್ಷದ ರೋಗಿಯೊಬ್ಬನ ಮೆದುಳಿನ ಒಂದು ಭಾಗ ಮಾತ್ರ ಕುಗ್ಗಿದ್ದನ್ನು ವರದಿ ಮಾಡಿದ. 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 51 ವರ್ಷದ ಆಗುಸ್ಟೆ ಡೆಟರ್ ಬಂದಳು. ವೈದ್ಯ ಅಲೋಯಿಸ್ ಆಲ್‌ಝೈಮರ್ ಅವಳ ಎದುರು ಕೂತು ಪ್ರಶ್ನೆ, ಉತ್ತರ ಎರಡನ್ನೂ ಬರೆದುಕೊಂಡ. ಗಂಡನ ಹೆಸರು ಕೇಳಿದರೆ ಅವಳು ತನ್ನ ಹೆಸರನ್ನೇ ಹೇಳಿದಳು. ಹೂಕೋಸು ಮತ್ತು ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀ ಎಂದರೆ ಪಾಲಕ್ ಸೊಪ್ಪು ಎಂದಳು. 1906ರ ಏಪ್ರಿಲಿನಲ್ಲಿ ಹಾಸಿಗೆ ಹುಣ್ಣಿನಿಂದ ರಕ್ತಕ್ಕೆ ನಂಜೇರಿ ತೀರಿಕೊಂಡಳು. ಅಷ್ಟರಲ್ಲಿ ಮ್ಯೂನಿಕ್‌ಗೆ ಹೋಗಿದ್ದ ಆಲ್‌ಝೈಮರ್ ಅವಳ ಮೆದುಳನ್ನು ತರಿಸಿಕೊಂಡು ಪರೀಕ್ಷಿಸಿದ. ಅದು ಕುಗ್ಗಿತ್ತು, ಅದರಲ್ಲಿ ಗಂಟುಗಳೂ ಚಕ್ಕೆಗಳೂ ತುಂಬಿದ್ದವು.

1910ರಲ್ಲಿ ಎಮಿಲ್ ಕ್ರೇಪಲಿನ್ ತನ್ನ ಪಠ್ಯಪುಸ್ತಕದಲ್ಲಿ ಇದಕ್ಕೆ ಆಲ್‌ಝೈಮರ್ ಕಾಯಿಲೆ ಎಂದು ಹೆಸರಿಟ್ಟ. ಆದರೆ ಅದನ್ನು ಮುಪ್ಪಿಗೆ ಮೊದಲೇ ಬರುವ ಅಪರೂಪದ ಕಾಯಿಲೆ ಎಂದು ಬೇರೆಯಾಗಿ ಇಟ್ಟ. ಪರಿಣಾಮ ವಿಚಿತ್ರವಾಗಿತ್ತು. ಐವತ್ತೈದರಲ್ಲಿ ಮೆದುಳು ಹೀಗಾದರೆ ರೋಗ, ಎಪ್ಪತ್ತೈದರಲ್ಲಿ ಹಾಗೆಯೇ ಆದರೆ ಮುಪ್ಪು. ಈ ಗೆರೆ ಅರವತ್ತಕ್ಕೂ ಹೆಚ್ಚು ವರ್ಷ ಉಳಿಯಿತು.

1976ರಲ್ಲಿ ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಝ್‌ಮನ್ ಒಂದು ಪುಟ್ಟ ಸಂಪಾದಕೀಯ ಬರೆದ. ಎರಡೂ ಒಂದೇ ಕಾಯಿಲೆ, ಗೆರೆ ಅಳಿಸಿ ಎಂಬುದು ಅವನ ವಾದ. ಅಳಿಸಿ ಲೆಕ್ಕ ಹಾಕಿದರೆ ಇದು ಅಮೆರಿಕದ ನಾಲ್ಕನೆಯದೋ ಐದನೆಯದೋ ದೊಡ್ಡ ಸಾವಿನ ಕಾರಣ. ಆದರೂ ಸರ್ಕಾರದ ಮರಣ ಅಂಕಿಅಂಶಗಳಲ್ಲಿ ಅದರ ಹೆಸರಿಲ್ಲ ಎಂದು ತೋರಿಸಿದ. ಲೆಕ್ಕದಲ್ಲಿ ಇಲ್ಲದ ಕಾಯಿಲೆಗೆ ಸಂಶೋಧನೆಯ ಹಣವೂ ಇರುವುದಿಲ್ಲ.

1979ರಿಂದ ಬಳಕೆಗೆ ಬಂದ ಐಸಿಡಿಯ ಒಂಬತ್ತನೇ ಆವೃತ್ತಿಯಲ್ಲೂ ಗೊಂದಲ ಮುಂದುವರಿಯಿತು. ಮುಪ್ಪಿನ ಮರೆವು ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿ 290, ಆಲ್‌ಝೈಮರ್ ನರರೋಗಗಳ ಅಧ್ಯಾಯದಲ್ಲಿ 331.0. ಹತ್ತನೇ ಆವೃತ್ತಿ ಇವಕ್ಕೆ ಗಂಟು ಹಾಕಿತು: ಮೂಲ ಕಾಯಿಲೆಗೆ ಜಿ30, ಅದರಿಂದ ಬಂದ ಡಿಮೆನ್ಷಿಯಾಕ್ಕೆ ಎಫ್00, ಎರಡನ್ನೂ ಜೊತೆಯಾಗಿ ಬರೆಯಬೇಕು. ಒಂದು ಕಾಲಕ್ಕೆ ರೋಗವನ್ನೂ ಮುಪ್ಪನ್ನೂ ಬೇರ್ಪಡಿಸಿದ್ದ ವಯಸ್ಸಿನ ಗೆರೆ ಈಗ ಬಿಂದುವಿನ ನಂತರದ ಒಂದು ಅಂಕಿಯಾಗಿ ಉಳಿದಿದೆ: ಬೇಗ ಶುರುವಾದರೆ ಜಿ30.0, ತಡವಾದರೆ ಜಿ30.1. ಪಿಕ್ ಕಂಡ, ಒಂದೆಡೆ ಮಾತ್ರ ಆಗುವ ಕುಗ್ಗುವಿಕೆಗೆ ಜಿ31.0.

ಅಮೆರಿಕ ತನ್ನದೇ ರೂಪದ ಹತ್ತನೇ ಆವೃತ್ತಿಗೆ ಬದಲಾದದ್ದು 2015ರ ಅಕ್ಟೋಬರ್ 1ರಂದು. ಅಲ್ಲಿಯ ರೋಗಿಗಳ ದಾಖಲೆಗಳಿಗೆ ಕೋಡ್ ಹಾಕುವ ಕೆಲಸ ಹೈದರಾಬಾದ್, ಚೆನ್ನೈಗಳಲ್ಲೂ ನಡೆಯುತ್ತದೆ; ಓದುಗರಲ್ಲಿ ಕೆಲವರ ದಿನಗೆಲಸವೇ ಅದಿರಬಹುದು. ಅವರಿಗೆ ಒಂದು ನಿಯಮ ಗೊತ್ತು. ಸ್ಕ್ಯಾನ್ ವರದಿಯಲ್ಲಿ 'ಮೆದುಳು ಕುಗ್ಗಿದೆ' ಎಂದಿದ್ದ ಮಾತ್ರಕ್ಕೆ ಕೋಡರ್ ಆಲ್‌ಝೈಮರ್ ಎಂದು ಬರೆಯುವಂತಿಲ್ಲ. ವಯಸ್ಸಾದಂತೆ ಎಲ್ಲರ ಮೆದುಳೂ ಸ್ವಲ್ಪ ಕುಗ್ಗುತ್ತದೆ. ಅದು ರೋಗವೇ, ಯಾವ ರೋಗ ಎಂಬುದನ್ನು ಚಿಕಿತ್ಸೆ ಕೊಡುವ ವೈದ್ಯರೇ ಬರೆದಿರಬೇಕು. ಅವರು ಬರೆಯದಿದ್ದರೆ ಕೋಡ್ ಇಲ್ಲ, ಕೋಡ್ ಇಲ್ಲದಿದ್ದರೆ ಲೆಕ್ಕವಿಲ್ಲ.

ಮರಣ ಪ್ರಮಾಣಪತ್ರದಲ್ಲೂ ಇದೇ ಕಥೆ. ನಮ್ಮ ದೇಶದಲ್ಲಿ ಆಸ್ಪತ್ರೆಯ ಸಾವಿಗೆ ನಮೂನೆ 4, ಮನೆಯ ಸಾವಿಗೆ ನಮೂನೆ 4ಎ ತುಂಬುತ್ತಾರೆ. ಮೊದಲ ಸಾಲಿನಲ್ಲಿ ಕೊನೆಯ ಕಾರಣ, ಕೆಳಗಿನ ಸಾಲುಗಳಲ್ಲಿ ಅದಕ್ಕೆ ಕಾರಣವಾದದ್ದು. ಲೆಕ್ಕಕ್ಕೆ ಹೋಗುವುದು ಮೂಲ ಕಾರಣ. ಆಗುಸ್ಟೆಗೆ ಈ ನಮೂನೆ ತುಂಬಿದ್ದರೆ ಮೇಲೆ ನಂಜು, ಅದರ ಕೆಳಗೆ ಹಾಸಿಗೆ ಹುಣ್ಣು, ಎಲ್ಲಕ್ಕಿಂತ ಕೆಳಗೆ ಆಲ್‌ಝೈಮರ್ ಇರುತ್ತಿತ್ತು. ಕೆಳಗಿನ ಸಾಲು ಖಾಲಿ ಬಿಟ್ಟರೆ ಅವಳು ಬರೀ ನಂಜಿನಿಂದ ಸತ್ತವಳು.

ಗೆರೆ ಪೂರ್ತಿ ಅಳಿದಿಲ್ಲ. 2022ರಲ್ಲಿ ಜಾರಿಗೆ ಬಂದ ಹನ್ನೊಂದನೇ ಆವೃತ್ತಿಯಲ್ಲಿ 'ಮುಪ್ಪು' ಎಂಬ ಕೋಡ್ ಸೇರಿಸಲು ಹೊರಟಾಗ ವಿರೋಧ ಬಂತು, ಹೆಸರು ಬದಲಾಯಿಸಬೇಕಾಯಿತು. ಅದೇ ವರ್ಷ ತೀರಿಕೊಂಡ ರಾಣಿ ಎಲಿಜಬೆತ್ ಅವರ ಮರಣಪತ್ರದಲ್ಲಿ ಕಾರಣವೆಂದು ಇದ್ದದ್ದು ಮುಪ್ಪು ಮಾತ್ರ.

ಆಗುಸ್ಟೆಯ ಕಡತ ದಶಕಗಳ ಕಾಲ ಕಾಣೆಯಾಗಿತ್ತು. 1995ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿತು: 32 ಹಾಳೆ, ಆಲ್‌ಝೈಮರ್‌ನ ಕೈಬರಹ. ತೊಂಬತ್ತು ವರ್ಷಗಳ ಮೇಲೂ ವೈದ್ಯರು ಅವಳ ಕಾಯಿಲೆಯನ್ನು ಮತ್ತೆ ಓದಲು ಸಾಧ್ಯವಾದದ್ದು, ಅಂದು ಒಬ್ಬ ವೈದ್ಯ ಅವಳ ತಡವರಿಕೆಯನ್ನು ಮುಪ್ಪು ಎನ್ನದೆ ಬರೆದಿಟ್ಟದ್ದರಿಂದ. ಊರಿನಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದಿರುವ ನಾವು, ಮುಂದಿನ ಸಲ ಅವರನ್ನು ವೈದ್ಯರ ಬಳಿ ಕರೆದೊಯ್ದಾಗ ಮರೆವಿನ ವಿಷಯವನ್ನೂ ಹೇಳಿ, 'ಇದನ್ನು ಚೀಟಿಯಲ್ಲಿ ಬರೆಯಿರಿ ಡಾಕ್ಟ್ರೇ' ಎಂದು ಕೇಳಬಹುದು. ಅರಳುಮರಳು ಎಂದು ನಗುವುದಕ್ಕಿಂತ ಅದು ಮೇಲು.